ಸಂಜೆ ಮಾತ್ರ ನಂದು

ಮಧ್ಯಾಹ್ನ ಶುರುವಾದ ಮಳೆ ನಿಲ್ಲುವ ಸೂಚನೆಯೇ ಇರಲಿಲ್ಲ. ಅತ್ತೆಯನ್ನು ಮಾತಾಡಿಸಿಕೊಂಡು ಬೆಳಕಿರುವಾಗಲೇ ಹೊರಟುಬಿಡೋಣ ಎಂದು ಬಂದಿದ್ದ ನಾನೂ ನನ್ನ ತಮ್ಮನೂ ಆ ಚಿಕ್ಕ ಕೋಣೆಯಲ್ಲಿ ಸಿಕ್ಕಿಹಾಕಿಕೊಂಡೆವು. ಕರೆಂಟು ಹೋಗಿತ್ತು. ಕಿಟಕಿಯ ಪಕ್ಕದ ಮಂಚದ ಮೇಲೆ, ಪ್ಲಾಸ್ಟರ್ ಹಾಕಿದ ಕಾಲನ್ನು ದಿಂಬುಗಳ ಮೇಲೆ ಚಾಚಿಕೊಂಡು ಅತ್ತೆ ಒರಗಿದ್ದಳು. ಅವಳು ನಮ್ಮ ಅಪ್ಪನ ಅಕ್ಕ. ಕೃಷಿ ಕಾಲೇಜಿನಲ್ಲಿ ಮಣ್ಣಿನ ಪಾಠ ಹೇಳಿ ನಿವೃತ್ತಳಾದ ಮೇಲೂ ಆ ಊರು ಬಿಡದೆ, ಕಾಲೇಜಿನ ಹಿಂದಿನ ಗೇಟಿಗೆ ಎದುರಾದ ಈ ಮಹಡಿಯ ಮೇಲೆ ಒಬ್ಬಳೇ ಇದ್ದಳು. ಮೆಟ್ಟಿಲ ಮೇಲೆ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದರಿಂದಲೇ ನಾವು ನೋಡಲು ಬಂದದ್ದು. ಅದೇ ಕಾಲೇಜಿಗೆ ಈ ವರ್ಷ ಸೇರಿದ್ದ ನನ್ನ ಮಗಳು ಹಾಸ್ಟೆಲಿನಿಂದ ಕೊಡೆ ಹಿಡಿದು ಬಂದು, ಮಂಚದ ಕಾಲ ಬಳಿ ನೆಲದ ಮೇಲೆ ಕೂತಿದ್ದಳು.

ಕಾಫಿ ಕುಡಿದಾಗಿತ್ತು. ಎದ್ದು ಹೋಗುವಂತಿಲ್ಲ, ಆಡಲು ಮಾತಿಲ್ಲ. ಸುಮ್ಮನಿರಲಾರದ ನನ್ನ ತಮ್ಮನೇ ಬಾಯಿ ತೆಗೆದ.

“ಅಲ್ಲ ಅತ್ತೆ, ಬೆಳಿಗ್ಗೆ ಕಾಲೇಜಿನ ಸಭಾಂಗಣದಲ್ಲಿ ನಮ್ಮ ಮುತ್ತಾತನ ಪಟ ನೋಡಿದೆ. ಕೆಳಗೆ ‘ಸ್ಥಾಪಕರು’ ಅಂತ ಬರೆದಿದೆ. ಇಷ್ಟು ದೊಡ್ಡ ಕೆಲಸ ಮಾಡಿದ ಮನುಷ್ಯ, ಯಾರೋ ತುಟಿಗೆ ಅಂಟು ಬಳಿದ ಹಾಗೆ ಕೂತಿದ್ದಾರಲ್ಲ! ಫೋಟೋಕ್ಕಾದ್ರೂ ಒಂಚೂರು ನಗಬಾರದಿತ್ತಾ?”

ನಾನು ನಕ್ಕೆ. ಅತ್ತೆ ನಗಲಿಲ್ಲ. ಮಳೆಯ ಆಚೆ, ಗೇಟಿನಿಂದ ಒಳಕ್ಕೆ ಹೋಗುವ ಮಣ್ಣಿನ ದಾರಿಯನ್ನು ನೋಡುತ್ತಿದ್ದಳು. ಬೆಳಕು ಇಳಿಯುತ್ತಿತ್ತು.

“ಆ ಬಾಯಲ್ಲಿ ಮಾತಿರಲಿಲ್ಲ ಅಂದ್ಕೊಂಡ್ಯೇನೋ?” ಎಂದಳು. “ತುಂಬಿ ತುಳುಕ್ತಿತ್ತು... ಆಡೋಕೆ ಹೊತ್ತಿರಲಿಲ್ಲ, ಅಷ್ಟೇ. ಕೂತ್ಕೊಳ್ಳಿ. ಹೇಗೂ ಮಳೆ ಬಿಡಲ್ಲ. ಈ ಕಾಲೇಜು ಹೇಗೆ ಹುಟ್ಟಿತು ಅಂತ ಹೇಳ್ತೀನಿ. ಪಟದ ಕೆಳಗೆ ಬರೆಯೋಕೆ ಆಗದೆ ಇರೋದನ್ನ ಹೇಳ್ತೀನಿ.”

ಹಾಗೆ ಶುರುವಾಯಿತು. ಆಮೇಲೆ ಅವಳು ನಿಲ್ಲಿಸಲಿಲ್ಲ.

“ನನ್ನ ತಾತ, ಅಂದ್ರೆ ನಿಮ್ಮ ಮುತ್ತಾತ, ಆಗ ಶಾಲೇಲಿ ವಿಜ್ಞಾನ ಹೇಳ್ತಿದ್ದ ಮೇಷ್ಟ್ರು. ಒಂದು ವರ್ಷ ಈ ಸುತ್ತಿನ ಗೋಧಿಗೆಲ್ಲ ತುಕ್ಕು ರೋಗ ಬಿತ್ತಂತೆ. ಹೊಲದೊಳಗೆ ಒಂದು ಸಲ ನಡೆದು ಬಂದ್ರೆ ಸಾಕು, ಬಟ್ಟೆಗೆಲ್ಲ ಕೆಂಪು ಪುಡಿ ಮೆತ್ಕೊಳ್ತಿತ್ತು... ಜನ ತಾತನ ಮನೆ ಮುಂದೆ ಬಂದು ನಿಂತ್ರು. ‘ಮೇಷ್ಟ್ರೇ, ನೀವು ಓದಿದೋರು, ಇದೇನು ಹೇಳಿ’ ಅಂದ್ರು. ತಾತನಿಗೆ ಗೊತ್ತಿರಲಿಲ್ಲ. ‘ಗೊತ್ತಿಲ್ಲ’ ಅಂತಲೇ ಹೇಳಿದ್ರು. ಆ ಒಂದು ಮಾತು ಅವರಿಗೆ ನುಂಗೋಕೂ ಆಗದೆ ಉಗುಳೋಕೂ ಆಗದೆ ಗಂಟಲಲ್ಲೇ ಉಳೀತು. ಬೇಸಾಯ ಕಲಿಸೋದಕ್ಕೇ ಒಂದು ಕಾಲೇಜು ಬೇಕು ಅಂತ ಅವತ್ತು ತಲೆಗೆ ಹತ್ತಿದ ಹುಚ್ಚು, ಅವರನ್ನ ಕಛೇರಿಯಿಂದ ಕಛೇರಿಗೆ ಚಪ್ಪಲಿ ಸವೆಯೋ ಹಾಗೆ ಅಲೆಸ್ತು. ಕೊನೆಗೆ ಸರ್ಕಾರದೋರು ಏನಂದ್ರು? ‘ಒಂದೇ ಕಡೆ ಸೇರಿದ ಜಮೀನು, ಬೇಸಿಗೇಲೂ ಬತ್ತದ ನೀರು, ಇವೆರಡು ನೀವು ತೋರಿಸಿ, ಮಿಕ್ಕಿದ್ದು ನಾವು ನೋಡ್ಕೋತೀವಿ.’

“ಜಮೀನು ಕೊಡೋಕೆ ಸುತ್ತಮುತ್ತಲಿನೋರು ಒಪ್ಪಿದ್ರು. ತುಕ್ಕು ನೋಡಿ ಹೆದರಿದ್ರಲ್ಲ, ಒಪ್ಪಿದ್ರು. ಆದ್ರೆ ಬತ್ತದ ನೀರು ಇದ್ದದ್ದು ಒಂದೇ ಬಾವೀಲಿ. ಆ ಬಾವಿ ಇದ್ದದ್ದು ಎಲ್ಲರ ಹೊಲದ ನಟ್ಟನಡುವೆ, ಒಬ್ಬ ಮುದುಕನ ಭೂಮೀಲಿ. ಅವನಿಗೆ ಜನ ಇಟ್ಟಿದ್ದ ಹೆಸರು ತಡಿಯಪ್ಪ.

“ನಿಜವಾದ ಹೆಸರಲ್ಲ ಅದು. ಹೆಂಡತಿ ಸತ್ತು ಕಾಲ ಆಗಿತ್ತು, ಮಕ್ಕಳಿರಲಿಲ್ಲ, ಆ ಹೊಲದ ಮನೇಲಿ ಒಬ್ಬನೇ. ದಾರೀಲಿ ಯಾರೇ ಹೋಗ್ಲಿ, ‘ತಡಿಯಪ್ಪಾ... ಒಂದು ಮಾತು’ ಅಂತ ನಿಲ್ಲಿಸ್ಕೊಳ್ಳೋನು. ಒಂದು ಮಾತು ಅಂದ್ರೆ ಒಂದು ಮಾತಾ? ಕುಂಟೋ ಎತ್ತಿನ ಕತೆ, ಬಾವಿ ತೋಡಿದಾಗ ಬಂಡೆ ಸಿಕ್ಕಿದ ಕತೆ, ಹೆಂಡತಿ ಕೋಪ ಮಾಡ್ಕೊಂಡು ತವರಿಗೆ ಹೋದೋಳು ಅರ್ಧ ದಾರಿಯಿಂದ ವಾಪಸ್ ಬಂದ ಕತೆ... ನಿಂತೋರ ಕಾಲು ಸೋಲೋದು, ಅವನ ಬಾಯಿ ಸೋಲ್ತಿರಲಿಲ್ಲ. ಜನ ಏನು ಮಾಡಿದ್ರು? ಹತ್ತಿರದ ದಾರಿ ಬಿಟ್ಟು, ಕೆರೆ ಏರಿ ಸುತ್ತಿಕೊಂಡು ಓಡಾಡೋಕೆ ಶುರು ಮಾಡಿದ್ರು. ಮಳೇಲಿ ನೆನೆದ್ರೂ ಸರಿ, ಕೆಸರು ತುಳಿದ್ರೂ ಸರಿ, ಅವನ ಮುಂದೆ ಹಾದು ಹೋಗಬಾರದು. ಅಷ್ಟು ಭಯ, ಒಬ್ಬ ಮುದುಕನ ಮಾತಿಗೆ! ಅವನು ಬಾವಿ ಕಟ್ಟೆ ಮೇಲೆ ಕೂತು ದೂರದ ಏರಿ ಮೇಲೆ ಹೋಗೋ ತಲೆಗಳನ್ನ ನೋಡ್ತಿದ್ದನಂತೆ. ಅವನಿಗೆ ಗೊತ್ತಾಗ್ತಿರಲಿಲ್ವಾ? ಗೊತ್ತಾಗ್ತಿತ್ತು ಕಣ್ರೋ. ಎಲ್ಲ ಗೊತ್ತಾಗ್ತಿತ್ತು.

“ತಾತ ಅವನ ಹತ್ರ ಹೋದ್ರು. ‘ಕೊಡಲ್ಲ’ ಅಂದ. ಆದ್ರೆ ಕೊಡಲ್ಲ ಅನ್ನೋಕೆ ಅವನು ಸಂಜೆ ಪೂರ್ತಿ ತಗೊಂಡ. ತಾತ ಮಾರನೇ ದಿನ ಮತ್ತೆ ಹೋದ್ರು. ಅದರ ಮಾರನೇ ದಿನಾನೂ. ಮೊದಮೊದಲು ಬಾವಿಗೋಸ್ಕರ ಕೇಳ್ತಾ ಕೂತಿದ್ರು, ಅದನ್ನ ಅವರೇ ಒಪ್ಕೊಳ್ತಿದ್ರು. ಹೋಗ್ತಾ ಹೋಗ್ತಾ ಆ ಕುಂಟೆತ್ತು ಇವರಿಗೂ ಕಣ್ಣಿಗೆ ಕಟ್ಟೋಕೆ ಶುರುವಾಯ್ತಂತೆ. ಇವರು ಹೋಗೋ ಹೊತ್ತಿಗೆ ಆ ಮುದುಕ ಹೆಗಲ ಮೇಲಿನ ಬಟ್ಟೇಲಿ ಕಟ್ಟೆ ಮೇಲೆ ತನ್ನ ಪಕ್ಕದ ಜಾಗ ಒರೆಸಿ ಇಟ್ಟಿರೋನು. ಯಾರಿಗಾದ್ರೂ ಒಂದು ಜಾಗ ಒರೆಸಿಡೋ ಭಾಗ್ಯ ಅವನಿಗೆ ಎಷ್ಟು ವರ್ಷದ ಮೇಲೆ ಬಂದಿತ್ತೋ...

“ಒಂದು ಸಂಜೆ ಅವನೇ ಅಂದ. ‘ಭೂಮಿ ತಗೋಳಪ್ಪ ಮೇಷ್ಟ್ರೆ. ಬಾವಿನೂ ತಗೋ. ದುಡ್ಡು ಬೇಡ, ಅದರ ಜೊತೆ ನಾನೇನು ಮಾತಾಡೋಕಾಗುತ್ತಾ? ಹಗಲೆಲ್ಲ ನಿನ್ನ ಹುಡುಗರದ್ದು. ಸಂಜೆ ಮಾತ್ರ ನಂದು. ಸಂಜೆ ನೀನು ಬಂದು ಇಲ್ಲಿ ಕೂರ್ಬೇಕು.’

“ತಾತ ಏನಂದ್ರು ಗೊತ್ತಾ? ಯೋಚನೆ ಮಾಡದೆ ಅಂದ್ಬಿಟ್ರು. ‘ಬರ್ತೀನಿ. ನಿನ್ನ ಮಾತು ಮುಗಿಯೋವರೆಗೂ ಬರ್ತೀನಿ.’

“ಗಮನಿಸಿದ್ರಾ? ನೀನು ಇರೋವರೆಗೂ ಅನ್ನಲಿಲ್ಲ. ನಿನ್ನ ಮಾತು ಮುಗಿಯೋವರೆಗೂ...”

ಅತ್ತೆ ನೀರು ಕೇಳಿದಳು. ಮಗಳು ಎದ್ದು ಲೋಟಕ್ಕೆ ಬಗ್ಗಿಸಿ ಕೊಟ್ಟಳು. ಕೋಣೆಯಲ್ಲಿ ಈಗ ಮುಖಗಳು ಮಸುಕಾಗಿದ್ದವು. ತಮ್ಮ ಮೇಣದ ಬತ್ತಿ ಹುಡುಕಲು ಹೊರಟಾಗ ಅತ್ತೆ ಬೇಡವೆಂದು ಕೈಸನ್ನೆ ಮಾಡಿದಳು.

“ಕಾಲೇಜು ಬಂತು. ತಗಡಿನ ಶೆಡ್ಡಿನಲ್ಲಿ ಪಾಠ, ಇನ್ನೊಂದು ಶೆಡ್ಡಿನಲ್ಲಿ ಹುಡುಗರ ವಾಸ. ಓಡಾಡಿ ಮಾಡಿಸಿದೋರು ಅಂತ ತಾತನನ್ನೇ ಮೇಲ್ವಿಚಾರಕರನ್ನಾಗಿ ಮಾಡಿದ್ರು. ಕೆಲಸ ಅಂದ್ರೆ ಉಸಿರಾಡೋಕೆ ಬಿಡುವಿಲ್ಲದ ಕೆಲಸ. ಗೋಡೆ ಏಳ್ಬೇಕು, ಬೀಜ ಬರ್ಬೇಕು, ಊರು ಬಿಟ್ಟು ಬಂದು ಅಳೋ ಹುಡುಗರನ್ನ ಸಮಾಧಾನ ಮಾಡ್ಬೇಕು. ಸಂಜೆ ಹೋಗೋದು ದಿನ ಬಿಟ್ಟು ದಿನ ಆಯ್ತು. ಆಮೇಲೆ ವಾರಕ್ಕೊಂದು ಸಲ ಆಯ್ತು. ಒಮ್ಮೆ ಕಾವಲುಗಾರನನ್ನ ಕಳಿಸಿದ್ರು, ‘ನೀನು ಹೋಗಿ ಸ್ವಲ್ಪ ಹೊತ್ತು ಕೂತು ಬಾ’ ಅಂತ. ಮುದುಕ ಅವನನ್ನ ವಾಪಸ್ ಅಟ್ಟಿದ. ‘ನಾನು ಸಂಜೆ ಕೇಳಿದ್ದು ಮೇಷ್ಟ್ರ ಹತ್ರ, ನಿನ್ನ ಹತ್ರ ಅಲ್ಲ’ ಅಂದ.

“ಒಂದಿನ ಅವನೇ ಕಾಲೇಜಿಗೆ ಬಂದ. ತಾತ ಯಾವುದೋ ಸಭೆಯಲ್ಲಿ ಕೂತಿದ್ರು, ದೊಡ್ಡ ಅಧಿಕಾರಿಗಳೆಲ್ಲ ಇದ್ರು. ಬಾಗಿಲಲ್ಲಿ ನಿಂತು, ‘ತಡಿಯಪ್ಪಾ, ಒಂದು ಮಾತು’ ಅಂದ. ಯಾರೋ ಕಿಸಕ್ಕನೆ ನಕ್ರು. ತಾತನಿಗೆ ಮುಖ ಕೆಂಪಾಯ್ತು. ‘ನಾಳೆ ಬರ್ತೀನಿ, ಈಗ ಹೋಗು’ ಅಂದ್ರು. ಅವನು, ‘ಆಗ್ಲಿ, ನಾಳೆ’ ಅಂದ. ಬೇಜಾರು ಮಾಡ್ಕೊಂಡೇನೂ ಅನ್ನಲಿಲ್ವಂತೆ. ನಾಳೆ ಅನ್ನೋದು ಒಂದು ಸಿಕ್ತಲ್ಲ ಅನ್ನೋ ಹಾಗೆ, ಖುಷೀಲೇ ಹೋದ.

“ಆ ನಾಳೆ ಬಂತು, ತಾತ ಹೋಗಲಿಲ್ಲ. ಅದರ ಮಾರನೇ ದಿನವೂ ಹೋಗಲಿಲ್ಲ... ತೋಟದ ಮಾಲಿ ನೀರು ಸೇದೋಕೆ ಹೋದಾಗ ನೋಡಿದ. ಮುದುಕ ಕಟ್ಟೆ ಮೇಲೆ ಕೂತೇ ಇದ್ದ, ದಾರಿ ಕಡೆ ಮುಖ ತಿರುಗಿಸ್ಕೊಂಡು. ಪ್ರಾಣ ಹೋಗಿ ಎಷ್ಟೋ ಹೊತ್ತಾಗಿತ್ತು. ಗಾಳಿಗೆ ಉದುರಿದ ಎಲೆ ಅವನ ತಲೆ ಮೇಲೆ, ತೊಡೆ ಮೇಲೆ, ಕಟ್ಟೆ ತುಂಬ ಬಿದ್ದಿತ್ತು. ಅವನ ಪಕ್ಕದ ಜಾಗ ಒಂದು ಮಾತ್ರ... ಆಗಷ್ಟೇ ಒರೆಸಿದ ಹಾಗೆ ಚೊಕ್ಕಟವಾಗಿತ್ತು.”

ತಮ್ಮ ನನ್ನ ಕಡೆ ನೋಡಿದ.

“ಮೊದಲು ಕೇಳಿಸಿದ್ದು ತಾತನಿಗೇ. ಗುಮಾಸ್ತ ಬಾಗಿಲು ಹಾಕ್ಕೊಂಡು ಹೋದ ಮೇಲೆ, ಕಾಲೇಜಿನ ಖಾಲಿ ಪಡಸಾಲೇಲಿ ಬೆನ್ನ ಹಿಂದೆ, ‘ತಡಿಯಪ್ಪಾ... ಒಂದು ಮಾತು.’ ಮನಸ್ಸಿಗೆ ಚುಚ್ತಿದೆ, ಅದಕ್ಕೇ ಹೀಗೆ ಅಂತ ತಾತ ತಮಗೆ ತಾವೇ ಹೇಳ್ಕೊಂಡ್ರು. ಹೆದರಿಸೋ ದನಿ ಅಲ್ಲ ಅದು, ತಿಳ್ಕೊಳ್ಳಿ. ಅಂಗಲಾಚೋ ದನಿ. ಅದರಿಂದ ತಪ್ಪಿಸ್ಕೊಳ್ಳೋದು ಇನ್ನೂ ಕಷ್ಟ.

“ಹುಡುಗರಲ್ಲಿ ಒಬ್ಬನಿದ್ದ, ಎಲ್ಲರೂ ಅವನನ್ನ ಡಂಗುರ ಅಂತಿದ್ರು. ಅವನು ಇಲ್ಲಿ ಮಾತಾಡಿದ್ರೆ ಆ ಹೊಲದ ತುದಿಗೆ ಕೇಳಿಸೋದು, ಅಂಥ ಗಂಟಲು. ಒಂದು ಸಂಜೆ ಬಾವಿ ದಾರೀಲಿ ಬರ್ತಿದ್ದೋನು ಬರಲೇ ಇಲ್ಲ. ಬೆಳಿಗ್ಗೆ ಹೋಗಿ ನೋಡಿದ್ರೆ ಕಟ್ಟೆ ಮೇಲೆ ಕೂತಿದ್ದಾನೆ, ಮೈಯೆಲ್ಲ ಇಬ್ಬನಿ, ತಲೆ ಆಡಿಸ್ತಾ ‘ಹೂಂ... ಹೂಂ...’ ಅಂತಿದ್ದಾನೆ. ಪಕ್ಕದಲ್ಲಿ ಯಾರೂ ಇಲ್ಲ. ಎಬ್ಬಿಸಿ ಕರ್ಕೊಂಡು ಬಂದ್ರು. ಅಂಥ ಡಂಗುರ ಆಮೇಲೆ ಬಾಯಿ ಬಿಡಲಿಲ್ಲ. ಕೇಳಿದ್ದು ಒಳಗೆ ತುಂಬಿ ತುಂಬಿ, ತನ್ನದು ಅನ್ನೋ ಮಾತಿಗೆ ಜಾಗವೇ ಉಳಿದಿರಲಿಲ್ವೇನೋ... ಅವರಪ್ಪ ಬಂದು ಕೈ ಹಿಡ್ಕೊಂಡು ಮನೆಗೆ ಕರ್ಕೊಂಡು ಹೋದ್ರು. ಅವನಾದ ಮೇಲೆ ಇನ್ನೊಬ್ಬ. ಸುದ್ದಿ ಹಬ್ಬಿತು, ಹೆತ್ತೋರು ಗಾಡಿ ಮಾಡ್ಕೊಂಡು ಬಂದು ಮಕ್ಕಳ ಪೆಟ್ಟಿಗೆ ಎತ್ತಿಡೋಕೆ ಶುರು ಮಾಡಿದ್ರು. ಶೆಡ್ಡು ಅರ್ಧ ಖಾಲಿ. ಹುಡುಗರೇ ಇಲ್ಲದ ಕಾಲೇಜು ಯಾಕೆ, ಮುಚ್ಚಿಬಿಡೋಣ ಅಂತ ಮೇಲಿನೋರು ಹೇಳಿ ಕಳಿಸಿದ್ರು.

“ಅವತ್ತು ಅಜ್ಜಿ, ಅಂದ್ರೆ ತಾತನ ಹೆಂಡತಿ, ಊಟಕ್ಕೆ ಬಡಿಸ್ತಾ ಬಡಿಸ್ತಾ ಸೌಟು ಕೆಳಗಿಟ್ಟು ಕೇಳಿದ್ಲಂತೆ. ‘ಮಾತು ಕೊಟ್ಟೋರು ನೀವು. ಹೋಗಿ ಕೂರೋದು ಕಂಡೋರ ಮಕ್ಕಳಾ?’

“ತಾತ ತಟ್ಟೆ ಸರಿಸಿ ಎದ್ರು. ಮಾರನೇ ಸಂಜೆ ಬಾವಿಗೆ ಹೋಗಿ, ಮುದುಕ ಕೂರ್ತಿದ್ದ ಜಾಗವನ್ನ ತಮ್ಮ ಬಟ್ಟೇಲಿ ತಾವೇ ಒರೆಸಿ, ಪಕ್ಕದಲ್ಲಿ ಕೂತು, ‘ಬಂದಿದ್ದೀನಿ, ಹೇಳು’ ಅಂದ್ರು. ಕತ್ತಲಾದ ಮೇಲೆ, ‘ನಾಳೆ ಬರ್ತೀನಿ’ ಅಂತ ಹೇಳಿ ಎದ್ರು. ಮುದುಕ ಹೋಗೋಕೆ ಬಿಟ್ಟ. ನಾಳೆ ಬರ್ತೀನಿ ಅಂದು ಬರೋರನ್ನ ಅವನು ಹಿಡಿದಿಟ್ಟುಕೊಳ್ಳಲ್ಲ. ಅವತ್ತಿನಿಂದ ಆ ದಾರೀಲಿ ಯಾರನ್ನೂ ಯಾರೂ ಕರೀಲಿಲ್ಲ. ಹುಡುಗರು ವಾಪಸ್ ಬಂದ್ರು. ಕಾಲೇಜು ಉಳೀತು.

“ಚೆನ್ನಾಗಾಯ್ತು ಅಲ್ವಾ? ಕತೆ ಇಲ್ಲಿಗೇ ನಿಲ್ಲಿಸಬಹುದಿತ್ತು. ಆದ್ರೆ ಯೋಚನೆ ಮಾಡಿ... ಪ್ರತಿ ಸಂಜೆ. ಮಗಳ ಮದುವೆ ಸಂಜೆ, ಮಗನಿಗೆ ಜ್ವರ ಬಂದ ಸಂಜೆ, ಅಜ್ಜಿಗೆ ಯಾರ ಜೊತೆಗಾದ್ರೂ ನಾಲ್ಕು ಮಾತಾಡಬೇಕು ಅನಿಸಿದ ಸಂಜೆ. ಹಗಲೆಲ್ಲ ಕಾಲೇಜು, ಸಂಜೆ ಬಾವಿ. ಮನೆಗೆ ಬಂದ್ರೆ ತಾತನ ಬಾಯಲ್ಲಿ ಬರೀ ‘ಹೂಂ’. ನಾನು ಚಿಕ್ಕೋಳಾಗಿದ್ದಾಗ ತಾತನ ದನಿ ಅಂತ ನನಗೆ ಗೊತ್ತಿದ್ದದ್ದು ಅದೊಂದೇ. ‘ತಾತ, ಇವತ್ತು ಶಾಲೇಲಿ ಹೀಗಾಯ್ತು.’ ‘ಹೂಂ.’ ‘ತಾತ, ಬಿದ್ದೆ, ನೋಡು.’ ‘ಹೂಂ.’ ಅಜ್ಜಿ ಗೋಡೆ ಜೊತೆ ಮಾತಾಡೋಕೆ ಕಲಿತಳು. ಒಲೆ ಜೊತೆ ಮಾತಾಡೋಳು. ಅವಳೇ ಕಳಿಸಿದ್ದಲ್ವಾ ಅವರನ್ನ? ಯಾರ ಹತ್ರ ದೂರು ಹೇಳ್ತಾಳೆ?

“ಒಂದೇ ಒಂದು ಸಲ ಅಜ್ಜಿ ಬಾವಿ ಹತ್ರ ಹೋದಳು. ಇಂಥದ್ದೇ ಮಳೆ. ಸೆರಗು ತಲೆ ಮೇಲೆ ಹಾಕ್ಕೊಂಡು ಹೋಗಿ ನೋಡಿದ್ರೆ, ತಾತ ನೆನೀತಾ ಕೂತು ತಲೆ ಆಡಿಸ್ತಿದ್ದಾರೆ. ಕಟ್ಟೆಯೆಲ್ಲ ನೀರು ಹರೀತಿದೆ. ತಾತನ ಪಕ್ಕದಲ್ಲಿ ಮಾತ್ರ... ಒಬ್ಬ ಮನುಷ್ಯ ಕೂರುವಷ್ಟು ಕಲ್ಲು, ಒಣಗಿದೆ. ಅಷ್ಟು ಮಳೇಲಿ, ಒಂದು ಹನಿ ಬಿದ್ದಿಲ್ಲ. ಅಜ್ಜಿ ಆ ಒಣ ಕಲ್ಲಿಗೇ ಕೇಳಿದ್ಲು. ‘ನನ್ನ ಗಂಡನ್ನ ಯಾವಾಗ ಬಿಡ್ತೀಯಪ್ಪ? ಇನ್ನೂ ಎಷ್ಟಿದೆ ನಿನ್ನ ಮಾತು?’ ಉತ್ತರ ಕೊಟ್ಟಿದ್ದು ತಾತ. ‘ಬದುಕಿದ್ದಾಗಿನದ್ದೆಲ್ಲ ಯಾವತ್ತೋ ಮುಗೀತು ಕಣೇ’ ಅಂದ್ರು. ‘ಈಗ ಆಮೇಲಿನದ್ದು ಹೇಳ್ತಿದ್ದಾನೆ.’

“ಆಮೇಲಿನದ್ದು ಅಂದ್ರೆ ಏನು... ತಾತ ಯಾರಿಗೂ ಬಾಯಿ ಬಿಡಲಿಲ್ಲ. ಅಜ್ಜಿ ಮತ್ತೆ ಆ ಕಡೆ ಹೋಗಲಿಲ್ಲ.”

ಹೊರಗೆ ಮಳೆಯ ಸದ್ದು ಸ್ವಲ್ಪ ತಗ್ಗಿತು. ಅತ್ತೆ ಮಾತು ನಿಲ್ಲಿಸಿ ಕಿಟಕಿಯ ಕಡೆ ಕಿವಿ ಕೊಟ್ಟಳು. ನಾವೂ ಕೊಟ್ಟೆವು. ಸೂರಿನಿಂದ ನೀರು ತೊಟ್ಟಿಕ್ಕುತ್ತಿತ್ತು, ಅಷ್ಟೆ.

“ಅಜ್ಜಿ ಹೋದಳು, ಆಮೇಲೆ ತಾತ ಹೋದ್ರು. ತಾತ ಹೋದ ಮೇಲೆ ಯಾರನ್ನ ಕರೆಯುತ್ತೋ ಅಂತ ಎಲ್ಲರಿಗೂ ಹೆದರಿಕೆ ಇತ್ತು. ಏನೂ ಆಗಲಿಲ್ಲ. ಮುದುಕನ ಮಾತು ಕೊನೆಗೂ ಮುಗಿದಿತ್ತು ಅಂತ ಕಾಣುತ್ತೆ. ಕೇಳೋರು ಸಿಕ್ಕಿದ್ರು, ಹೇಳಿದ, ಹಗುರಾದ, ಹೋದ. ವರ್ಷಗಳಾದ್ವು, ಜನ ಮರೆತ್ರು. ನಾನು ಓದಿ ಇದೇ ಕಾಲೇಜಿಗೆ ಪಾಠ ಹೇಳೋಕೆ ಬಂದೆ.

“ಒಂದು ಸಂಜೆ ಬಾವಿ ಪಕ್ಕದ ಹೊಲದ ಮಣ್ಣು ಚೀಲಕ್ಕೆ ತುಂಬಿಕೊಂಡು ವಾಪಸ್ ಬರ್ತಿದ್ದೆ. ಬೆನ್ನ ಹಿಂದೆ ಯಾರೋ ಅಂದ್ರು... ‘ತಡಿಯಮ್ಮಾ. ಒಂದು ಮಾತು.’ ನಾನು ನಿಂತೆ. ತಡಿಯಪ್ಪನ ದನಿ ಹೇಗಿತ್ತೋ ನನಗೆ ಗೊತ್ತಿಲ್ಲ, ನಾನು ಹುಟ್ಟೋಕೆ ಮುಂಚೆ ಸತ್ತೋನು. ಯಾರು ಅಂತ ಕೇಳೋಕೆ ಬಾಯಿ ತೆಗೆದ್ರೆ ದನಿ ಹೊರಡ್ತಿಲ್ಲ. ಆಗ ಅದು, ‘ಹೂಂ’ ಅಂತು.

“ಆ ‘ಹೂಂ’ ನನಗೆ ಗೊತ್ತಿಲ್ವಾ?

“ಬದುಕೆಲ್ಲ ಇನ್ನೊಬ್ಬರ ಮಾತು ಕೇಳಿದ ಮನುಷ್ಯ ತನ್ನದನ್ನ ಯಾರಿಗೆ ಹೇಳಿದ್ರು? ಎಲ್ಲ ಒಳಗೇ ಇತ್ತು. ಹೇಳದೇ ಹೋದೋರು... ಹೋಗೋದಾದ್ರೂ ಹೇಗೆ? ನಾನು ಹೋಗಿ ಕಟ್ಟೆ ಮೇಲೆ ಕೂತೆ. ಹೆದರಿಕೆ ಆಗಲಿಲ್ಲ ಅಂದ್ರೆ ಸುಳ್ಳಾಗುತ್ತೆ. ಆದ್ರೆ ತಾತ ನನ್ನ ಜೊತೆ ಮಾತಾಡಿದ್ದೇ ಅದು ಮೊದಲನೇ ಸಲ. ಹೆದರಿಕೆಗಿಂತ ಅದು ದೊಡ್ಡದಾಗಿತ್ತು. ಮದುವೆಯಾದ ದಿನದಿಂದ ಶುರು ಮಾಡಿದ್ರು. ಅಜ್ಜಿ ಮೊದಲ ದಿನ ಉಟ್ಟಿದ್ದ ಸೀರೆ ಬಣ್ಣ, ಅವಳು ಬೆರಳು ಕುಯ್ದುಕೊಂಡಾಗ ಅವಳಿಗಿಂತ ಇವರಿಗೇ ನೋವಾಗಿದ್ದು, ಅವಳು ಗೋಡೆ ಜೊತೆ ಮಾತಾಡೋದನ್ನ ಬಾಗಿಲ ಹಿಂದೆ ನಿಂತು ಕೇಳ್ತಿದ್ದದ್ದು... ಎಲ್ಲ ಅವಳಿಗೆ ಹೇಳಬೇಕಾಗಿದ್ದ ಮಾತು. ಕೇಳ್ತಿದ್ದೋಳು ನಾನು.

“ನಾನು ಯಾಕೆ ಮದುವೆ ಆಗಲಿಲ್ಲ ಅಂತ ನಿಮ್ಮಪ್ಪ ಸಾಯೋವರೆಗೂ ಕೇಳ್ತಿದ್ದ. ಸಂಜೆಗಳೇ ಇಲ್ಲದ ಹೆಂಗಸನ್ನ ಯಾರು ಕಟ್ಕೊಳ್ತಾರೋ? ಹಗಲು ಪಾಠ ಹೇಳ್ದೆ, ಸಂಜೆ ‘ಹೂಂ’ ಅಂದೆ. ಅಷ್ಟರಲ್ಲೇ ಕೂದಲು ಬೆಳ್ಳಗಾಯ್ತು. ನಾನು ಬೀಳೋ ಹಿಂದಿನ ಸಂಜೆ ತಾತನ ಕತೆ ಅಜ್ಜಿ ತೀರಿಕೊಂಡ ದಿನಕ್ಕೆ ಬಂದಿತ್ತು. ಆ ದಿನ ಅವಳನ್ನ ಮನೇಲಿ ಮಲಗಿಸಿದ್ದ ಹಾಗೇ ಬಿಟ್ಟು, ಸಂಜೆ ಆಯ್ತು ಅಂತ ಅವರು ಎದ್ದು ಬಾವಿಗೆ ಹೋಗಿದ್ರು. ಮನೆಯೋರು ಯಾರೂ ಅದನ್ನ ಕ್ಷಮಿಸಲಿಲ್ಲ. ಯಾಕೆ ಹೋದ್ರು, ಹೋಗುವಾಗ ಎದೇಲಿ ಏನಿತ್ತು... ನಾಳೆ ಹೇಳ್ತಾರೆ ಅಂತ ಎದ್ದು ಬಂದೆ. ಬೆಳಿಗ್ಗೆ ಮೆಟ್ಟಿಲ ಮೇಲೆ ಜಾರಿದೆ.

“ಇಲ್ಲೇ ಮಲಗಿ ಕೇಳಿಸ್ಕೊಳ್ತಿದ್ದೆ. ಸಂಜೆ ಆದ್ರೆ ಆ ದಾರಿಯಿಂದ ಕರೀತಿದ್ರು. ಏಳೋಕಾಗಲ್ಲ, ಏನು ಮಾಡಲಿ? ಕೆಲವು ದಿನ ಕರೆದ್ರು. ಆಮೇಲೆ ಒಂದು ಸಂಜೆಯಿಂದ ಕರೆಯೋದು ನಿಂತೇಹೋಯ್ತು. ನಿಮಗಾಗಿದ್ರೆ ಸಮಾಧಾನ ಆಗ್ತಿತ್ತು, ಅಲ್ವಾ? ನನಗೆ ಎದೆ ಧಸಕ್ ಅಂತು. ಕರೆಯೋದು ನಿಂತಿದೆ ಅಂದ್ರೆ ಏನರ್ಥ... ಕೇಳೋಕೆ ಯಾರೋ ಸಿಕ್ಕಿದ್ದಾರೆ ಅಂತ.”

ತಮ್ಮ ಗಂಟಲು ಸರಿಮಾಡಿಕೊಂಡು, “ಚೆನ್ನಾಗಿ ಹೆದರಿಸ್ತೀಯ ಅತ್ತೆ,” ಎಂದು ನಗಲು ನೋಡಿದ. ಆ ನಗು ಮುಂದಕ್ಕೆ ಹೋಗಲಿಲ್ಲ.

“ಅಜ್ಜಿ,” ಎಂದು ಅತ್ತೆಯನ್ನು ಕರೆದಳು ನನ್ನ ಮಗಳು ನೆಲದಿಂದ. ನಾವು ಬಂದಾಗಿನಿಂದ ಅವಳು ಬಾಯಿ ಬಿಟ್ಟದ್ದು ಅದೇ ಮೊದಲು ಎಂದು ನನಗೆ ಆಗ ಹೊಳೆಯಿತು. “ಅವರು ನಡುನಡುವೆ ಕೆಮ್ಮಿ, ‘ಎಲ್ಲಿಗೆ ನಿಲ್ಲಿಸಿದ್ದೆ?’ ಅಂತ ಕೇಳ್ತಾರಲ್ವಾ?”

ಅತ್ತೆ ಕೈ ಚಾಚಿ ಅವಳ ತಲೆ ಮುಟ್ಟಿದಳು.

“ಹೂಂ. ಕೇಳ್ತಾರೆ,” ಎಂದಳು. ಅವಳ ದನಿಯಲ್ಲಿ ಭಯವಿತ್ತೋ ಆಸೆಯಿತ್ತೋ ನನಗೆ ತಿಳಿಯಲಿಲ್ಲ. “ಯಾಕೆ ಎದ್ದು ಹೋದ್ರಂತೆ ಮಗಾ, ಆ ದಿನ? ಹೇಳಿದ್ರಾ?”

“ಇವತ್ತು ಹೇಳ್ತೀನಿ ಅಂದಿದ್ದಾರೆ,” ಎಂದು ಮಗಳು ಎದ್ದು ನಿಂತು ಮೂಲೆಯಲ್ಲಿದ್ದ ಕೊಡೆಗೆ ಕೈ ಹಾಕಿದಳು. “ಹೊತ್ತಾಯ್ತು, ನಾನು ಬರ್ತೀನಿ.”

ನಾನು ಹಾರಿ ಎದ್ದು ಅವಳ ತೋಳು ಹಿಡಿದುಕೊಂಡೆ. ಅವಳು ಬಿಡಿಸಿಕೊಳ್ಳಲು ನೋಡಲಿಲ್ಲ. ಬಾಗಿಲ ಕಡೆ ಮುಖ ಮಾಡಿ, ಯಾರನ್ನೋ ಕಾಯಿಸುತ್ತಿರುವವಳಂತೆ ನಿಂತಳು.

“ಇವತ್ತೊಂದು ಸಂಜೆ ಹಿಡ್ಕೊಳ್ತೀಯ ಕಣೋ,” ಎಂದಳು ಅತ್ತೆ ಕತ್ತಲಲ್ಲಿ, ಮೆಲ್ಲಗೆ. “ನಾಳೆ ನೀನು ನಿನ್ನ ಊರಿಗೆ ಹೋಗ್ತೀಯಲ್ಲ...”